ಮದ್ಯ ಬಿಟ್ಟವರು ಮಾತ್ರೆ ಬಿಡುವಾಗ

ಕುಡಿತದ ಚಟದಿಂದ ಹೊರಬಂದು ಹೊಸದಾಗಿ ಬದುಕು ಕಟ್ಟಿಕೊಳ್ಳುತ್ತಿರುವವರ ಪೈಕಿ ಅನೇಕರು ಅದೇ ಹೊತ್ತಿಗೆ ಖಿನ್ನತೆಗೂ ಚಿಕಿತ್ಸೆ ಪಡೆಯುತ್ತಿರುತ್ತಾರೆ. ಮದ್ಯ ನಿಂತು ಕೆಲವು ತಿಂಗಳು ಕಳೆದು, ಊಟ ನಿದ್ರೆಗಳು ಒಂದು ಹದಕ್ಕೆ ಬಂದು, ಮನೆಯವರಲ್ಲಿ ಮತ್ತೆ ನಂಬಿಕೆ ಚಿಗುರುತ್ತಿರುವಾಗ, ಕುಡಿತವನ್ನೇ ಬಿಟ್ಟಾಯಿತು, ಇನ್ನು ಈ ಮಾತ್ರೆ ಯಾಕೆ ಎಂಬ ಮಾತು ಅವರ ಬಾಯಿಂದಲೋ ಬಂಧುಗಳ ಬಾಯಿಂದಲೋ ಬಂದೇ ಬರುತ್ತದೆ. ಆ ಮಾತಿನ ಹಿಂದಿರುವ ಆಸೆ ಸಹಜವಾದದ್ದು, ಗೌರವಕ್ಕೆ ಅರ್ಹವಾದದ್ದು. ಯಾವ ವಸ್ತುವಿನ ಹಂಗೂ ಇಲ್ಲದೆ ಬದುಕಬೇಕೆಂದು ಬಯಸುವುದು ತಪ್ಪಲ್ಲ. ಆದರೆ ಒಂದು ದಿನ ಗಟ್ಟಿಮನಸ್ಸು ಮಾಡಿ ಮದ್ಯವನ್ನು ಬಿಟ್ಟ ಹಾಗೆಯೇ ಮಾತ್ರೆಯನ್ನೂ ಒಂದೇ ದಿನದಲ್ಲಿ ಬಿಟ್ಟುಬಿಡಲು ಹೊರಟರೆ, ದೇಹ ಅದಕ್ಕೆ ಕೊಡುವ ಉತ್ತರ ಬಹಳ ಕಟುವಾಗಿರಬಲ್ಲದು, ಮತ್ತು ಆ ಸಂಕಟವೇ ಅವರನ್ನು ಮರಳಿ ಕುಡಿತದ ಕಡೆಗೆ ತಳ್ಳಬಲ್ಲದು. ಮದ್ಯವನ್ನು ಪೂರ್ತಿಯಾಗಿ ಬಿಡಬೇಕು, ಮಾತ್ರೆಯನ್ನು ಸಮಯ ಬಂದಾಗ ಮೆಲ್ಲಮೆಲ್ಲನೆ ಇಳಿಸಬೇಕು, ಎರಡನ್ನೂ ಒಂದೇ ಕಾಲದಲ್ಲಿ ಮಾಡಲು ಹೋಗಬಾರದು ಎಂಬುದು ಈ ಬರಹದ ತಿರುಳು.

ಮೊದಲು ಮದ್ಯದ ವಿಷಯ. ಮೆದುಳಿನ ನರಕೋಶಗಳ ನಡುವೆ ಸಂದೇಶ ಸಾಗಿಸುವ ರಾಸಾಯನಿಕಗಳನ್ನು ನರವಾಹಕಗಳು ಎನ್ನುತ್ತಾರೆ. ಅವುಗಳಲ್ಲಿ ಗಾಬಾ ಎಂಬುದು ನರಕೋಶಗಳ ಚಟುವಟಿಕೆಯನ್ನು ತಗ್ಗಿಸಿದರೆ ಗ್ಲುಟಮೇಟ್ ಎಂಬುದು ಅದನ್ನು ಕೆರಳಿಸುತ್ತದೆ. ಮದ್ಯವು ಗಾಬಾದ ಕೆಲಸಕ್ಕೆ ಒತ್ತಾಸೆ ಕೊಟ್ಟು ಗ್ಲುಟಮೇಟಿನ ಕೆಲಸವನ್ನು ತಡೆಹಿಡಿಯುವುದರಿಂದ ಕುಡಿದವರಿಗೆ ಮೊದಮೊದಲು ಹಾಯೆನಿಸುತ್ತದೆ. ವರ್ಷಗಟ್ಟಲೆ ದಿನವೂ ಕುಡಿದಾಗ ಮೆದುಳು ಇದಕ್ಕೆ ಹೊಂದಿಕೊಳ್ಳಲೆಂದು ಶಾಂತಗೊಳಿಸುವ ವ್ಯವಸ್ಥೆಯನ್ನು ಕುಗ್ಗಿಸಿಕೊಂಡು ಕೆರಳಿಸುವ ವ್ಯವಸ್ಥೆಯನ್ನು ಬಲಪಡಿಸಿಕೊಳ್ಳುತ್ತದೆ, ಹೀಗಾಗಿ ಮದ್ಯ ಇದ್ದಕ್ಕಿದ್ದಂತೆ ನಿಂತ ದಿನ ಆ ಕೆರಳಿಕೆಗೆ ಲಗಾಮೇ ಇರುವುದಿಲ್ಲ. ಕೊನೆಯ ಕುಡಿತದ ನಂತರ 6ರಿಂದ 24 ಗಂಟೆಗಳೊಳಗೆ ಕೈನಡುಕ, ಬೆವರು, ವಾಕರಿಕೆ, ಎದೆಬಡಿತ, ಗಾಬರಿ, ನಿದ್ರೆಗೇಡು ಕಾಣಿಸಿಕೊಳ್ಳುತ್ತವೆ. ಕೆಲವರಿಗೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರುತ್ತದೆ. ಇನ್ನು ಕೆಲವರಿಗೆ ಎರಡರಿಂದ ನಾಲ್ಕನೆಯ ದಿನದ ನಡುವೆ ದಿಕ್ಕು, ಹೊತ್ತು, ಮನುಷ್ಯರ ಗುರುತು ತಪ್ಪಿ, ಇಲ್ಲದ್ದು ಕಾಣಿಸುವ ಸನ್ನಿ ಹಿಡಿಯುತ್ತದೆ. ಇದು ಪ್ರಾಣಕ್ಕೆ ಅಪಾಯ ತರುವ ಸ್ಥಿತಿಯಾದ್ದರಿಂದ, ಬಹುಕಾಲ ಹೆಚ್ಚು ಕುಡಿದವರು ವೈದ್ಯರ ಕಣ್ಗಾವಲಿನಲ್ಲಿಯೇ ಕುಡಿತ ನಿಲ್ಲಿಸಬೇಕೆಂದೂ, ಅವರಿಗೆ ಥಯಮಿನ್ ಎಂಬ ಬಿ-1 ಜೀವಸತ್ವವನ್ನು ತಪ್ಪದೆ ಕೊಡಬೇಕೆಂದೂ ವೈದ್ಯಶಾಸ್ತ್ರ ಒತ್ತಿ ಹೇಳುತ್ತದೆ. ಈ ಮೊದಲ ಬಿರುಸು ಸಾಮಾನ್ಯವಾಗಿ ಒಂದು ವಾರದಲ್ಲಿ ತಗ್ಗುತ್ತದೆಯಾದರೂ ಮುರಿದ ನಿದ್ರೆ, ಸಿಡುಕು, ಸಣ್ಣದಕ್ಕೂ ಕಂಗೆಡುವ ಮನಸ್ಸು ತಿಂಗಳುಗಟ್ಟಲೆ ಉಳಿಯಬಲ್ಲವು, ಮತ್ತು ಅನೇಕರು ಮಾತ್ರೆ ಬಿಡುವ ಯೋಚನೆ ಮಾಡುವುದು ಈ ನಾಜೂಕಾದ ತಿಂಗಳುಗಳಲ್ಲಿಯೇ.

ಖಿನ್ನತೆಯ ಮಾತ್ರೆಗಳ ದಾರಿ ಬೇರೆ. ಇಂದು ಹೆಚ್ಚಾಗಿ ಬರೆದುಕೊಡುವ ಎಸ್ಸಿಟಾಲೊಪ್ರಾಮ್, ಸರ್ಟ್ರಾಲಿನ್, ಫ್ಲೂಕ್ಸೆಟಿನ್, ಪ್ಯಾರಾಕ್ಸೆಟಿನ್ ಮೊದಲಾದವು ಸಿರೊಟೋನಿನ್ ಎಂಬ ನರವಾಹಕದ ಮೇಲೆ ಕೆಲಸ ಮಾಡುತ್ತವೆ. ಒಂದು ನರಕೋಶ ಹೊರಬಿಟ್ಟ ಸಿರೊಟೋನಿನ್ ಅನ್ನು ಮತ್ತೆ ಒಳಕ್ಕೆ ಎಳೆದುಕೊಳ್ಳುವ ವಾಹಕ ಅಣುಗಳಿರುತ್ತವೆ. ಮಾತ್ರೆ ಆ ಅಣುಗಳಿಗೆ ಅಂಟಿಕೊಂಡು ಅವುಗಳ ಕೆಲಸವನ್ನು ತಡೆಯುವುದರಿಂದ ಸಿರೊಟೋನಿನ್ ನರಕೋಶಗಳ ನಡುವೆ ಹೆಚ್ಚು ಹೊತ್ತು ಉಳಿಯುತ್ತದೆ. ತಿಂಗಳುಗಳ ಕಾಲ ಹೀಗೆ ನಡೆದಾಗ ಮೆದುಳು ಈ ಹೊಸ ಸ್ಥಿತಿಗೂ ತನ್ನನ್ನು ಒಗ್ಗಿಸಿಕೊಳ್ಳುತ್ತದೆ. ಆಮೇಲೆ ಮಾತ್ರೆ ತಟ್ಟನೆ ನಿಂತರೆ ಮತ್ತೆ ಹಿಂದಿನಂತೆ ಹೊಂದಿಕೊಳ್ಳಲು ಅದಕ್ಕೆ ಕಾಲ ಬೇಕಾಗುತ್ತದೆ, ಮತ್ತು ಆ ನಡುವಣ ದಿನಗಳ ತೊಂದರೆಗಳನ್ನೇ ಔಷಧ ನಿಲ್ಲಿಸಿದಾಗಿನ ಲಕ್ಷಣಗಳು ಎಂದು ಕರೆಯುತ್ತಾರೆ. ಇದು ಹೊಸ ಸಂಗತಿಯೂ ಅಲ್ಲ. ಸ್ವಿಟ್ಜರ್ಲೆಂಡಿನ ಮನೋವೈದ್ಯ ರೋಲಂಡ್ ಕೂನ್ ಅವರು ಇಮಿಪ್ರಮಿನ್ ಖಿನ್ನತೆಯನ್ನು ತಗ್ಗಿಸುತ್ತದೆಂದು 1957ರಲ್ಲಿ ಪ್ರಕಟಿಸಿದ ಎರಡೇ ವರ್ಷಗಳಲ್ಲಿ, ಅಂದರೆ 1959ರ ಹೊತ್ತಿಗೆ, ಆ ಔಷಧವನ್ನು ನಿಲ್ಲಿಸಿದವರ ತೊಂದರೆಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಕಾಣಿಸಿಕೊಂಡಿದ್ದವು. ಅಷ್ಟು ಹಳೆಯ ತಿಳಿವಳಿಕೆ ಚಿಕಿತ್ಸಾ ಕೊಠಡಿಯ ಮಾತುಕತೆಯವರೆಗೆ ಬರಲು ಇಷ್ಟೊಂದು ದಶಕಗಳು ಬೇಕಾದದ್ದು ರೋಗಿಗಳಿಗೆ ಆದ ಅನ್ಯಾಯವೆಂದೇ ಹೇಳಬೇಕು.

ಈ ಲಕ್ಷಣಗಳು ಎಷ್ಟು ಮಂದಿಗೆ ಬರುತ್ತವೆ ಎಂಬ ವಿಷಯದಲ್ಲಿ ಬಿಸಿಯಾದ ವಾದವೇ ನಡೆದಿದೆ. ಅರ್ಧಕ್ಕಿಂತ ಹೆಚ್ಚು ಮಂದಿಗೆ ಬರುತ್ತವೆಂದು 2019ರ ಒಂದು ಸಮೀಕ್ಷಾ ಲೇಖನ ಹೇಳಿತು. 2024ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆ, ನಿಜವಾದ ಔಷಧ ನಿಲ್ಲಿಸಿದವರಲ್ಲಿ ಸುಮಾರು ಶೇಕಡ 31ರಷ್ಟು ಮಂದಿಯಲ್ಲಿಯೂ, ಔಷಧಾಂಶವಿಲ್ಲದ ತೋರಿಕೆಯ ಮಾತ್ರೆ ನಿಲ್ಲಿಸಿದವರಲ್ಲಿ ಸುಮಾರು ಶೇಕಡ 17ರಷ್ಟು ಮಂದಿಯಲ್ಲಿಯೂ ಲಕ್ಷಣಗಳು ಕಂಡವೆಂದು ತೋರಿಸಿ, ಔಷಧದಿಂದಲೇ ಆಗುವ ತೊಂದರೆ ಆರೇಳು ಮಂದಿಯಲ್ಲಿ ಒಬ್ಬರಿಗೆ ಎಂಬ ಲೆಕ್ಕಕ್ಕೆ ಬಂದಿತು. ತೀವ್ರವಾದ ತೊಂದರೆ ಸುಮಾರು ಶೇಕಡ 3ರಷ್ಟು ಮಂದಿಗೆ. ಇಂಥ ಅಧ್ಯಯನಗಳಲ್ಲಿ ಹಲವು ಅಲ್ಪಕಾಲ ಔಷಧ ಸೇವಿಸಿದವರನ್ನು ಕುರಿತವು ಎಂಬ ಆಕ್ಷೇಪಣೆಯಲ್ಲಿ ಹುರುಳಿದೆ, ಏಕೆಂದರೆ ವರ್ಷಗಟ್ಟಲೆ ಸೇವಿಸಿದವರ ಪಾಡು ಬೇರೆಯಾಗಿರಬಲ್ಲದು. ತೊಂದರೆ ಎಷ್ಟಾಗುತ್ತದೆ ಎಂಬುದು ಯಾವ ಮಾತ್ರೆ ಎಂಬುದರ ಮೇಲೂ ಬಹಳ ಅವಲಂಬಿಸಿದೆ. ರಕ್ತದಲ್ಲಿನ ಔಷಧದ ಪ್ರಮಾಣ ಅರ್ಧಕ್ಕೆ ಇಳಿಯಲು ತಗಲುವ ಕಾಲವನ್ನು ಅರ್ಧಾಯು ಎನ್ನುತ್ತಾರೆ: ಖಿನ್ನತೆಯ ಇನ್ನೊಂದು ಮಾತ್ರೆಯಾದ ವೆನ್ಲಾಫ್ಯಾಕ್ಸಿನ್‌ಗೆ ಅದು ಸುಮಾರು 5 ಗಂಟೆ, ಪ್ಯಾರಾಕ್ಸೆಟಿನ್‌ಗೆ ಸುಮಾರು ಒಂದು ದಿನ, ಫ್ಲೂಕ್ಸೆಟಿನ್ ಮತ್ತು ಅದು ದೇಹದಲ್ಲಿ ಮಾರ್ಪಟ್ಟು ಉಂಟಾಗುವ ವಸ್ತುವಿಗೆ ದಿನಗಳು, ವಾರಗಳು. ಬೇಗ ಇಳಿದುಹೋಗುವ ಔಷಧ ನಿಂತಾಗ ಸಂಕಟ ಹೆಚ್ಚು. ತಾನಾಗಿಯೇ ನಿಧಾನವಾಗಿ ಇಳಿಯುವ ಫ್ಲೂಕ್ಸೆಟಿನ್ ನಿಂತಾಗ ಸಾಮಾನ್ಯವಾಗಿ ಕಡಿಮೆ.

ಇಲ್ಲಿ ಒಂದು ಗೊಂದಲವನ್ನು ಬಿಡಿಸದೆ ಮುಂದೆ ಹೋಗುವಂತಿಲ್ಲ. ಬಿಟ್ಟರೆ ತೊಂದರೆಯಾಗುತ್ತದೆ ಎಂದ ಮೇಲೆ ಮಾತ್ರೆಯೂ ಒಂದು ಚಟವೇ ತಾನೆ ಎಂದು ಕೇಳುವವರಿದ್ದಾರೆ, ಮತ್ತು ಕುಡಿತದಿಂದ ನೊಂದ ಕುಟುಂಬಗಳಲ್ಲಿ ಈ ಪ್ರಶ್ನೆ ಹೆಚ್ಚು ಚುಚ್ಚುತ್ತದೆ. ಚಟ ಅಥವಾ ವ್ಯಸನ ಎನ್ನುವಾಗ ವಸ್ತುವಿಗಾಗಿ ತಡೆಯಲಾಗದ ತುಡಿತ, ಪ್ರಮಾಣ ಏರುತ್ತಾ ಹೋಗುವುದು, ಕೆಲಸ, ಹಣ, ಸಂಬಂಧಗಳು ಹಾಳಾಗುತ್ತಿದ್ದರೂ ನಿಲ್ಲಿಸಲಾಗದಿರುವುದು, ಇವೆಲ್ಲ ಸೇರಿರಬೇಕು. ಎಸ್ಸಿಟಾಲೊಪ್ರಾಮ್ ಸೇವಿಸುವವರು ಮಾತ್ರೆಗಾಗಿ ಸಾಲ ಮಾಡುವುದಿಲ್ಲ, ಒಂದರ ಬದಲು ಹತ್ತು ನುಂಗಲು ಹಾತೊರೆಯುವುದಿಲ್ಲ, ಮಾತ್ರೆ ತಿಂದು ಮತ್ತೇರಿ ತೂರಾಡುವುದಿಲ್ಲ. ದೇಹ ಒಂದು ಔಷಧಕ್ಕೆ ಒಗ್ಗಿಕೊಂಡು ಅದು ತಟ್ಟನೆ ನಿಂತಾಗ ಪ್ರತಿಭಟಿಸುವುದನ್ನು ದೈಹಿಕ ಅವಲಂಬನೆ ಎನ್ನುತ್ತಾರೆ. ರಕ್ತದೊತ್ತಡಕ್ಕೆ ಕೊಡುವ ಕೆಲವು ಔಷಧಗಳನ್ನು, ದೀರ್ಘಕಾಲ ಸೇವಿಸಿದ ಸ್ಟಿರಾಯ್ಡನ್ನು ನಿಲ್ಲಿಸುವಾಗಲೂ ಇದೇ ಎಚ್ಚರ ಬೇಕು, ಆದರೆ ಅವನ್ನು ಯಾರೂ ಚಟವೆನ್ನುವುದಿಲ್ಲ. ಕುಡಿತ ಬಿಟ್ಟ ಮನುಷ್ಯನ ಕೈಯಲ್ಲಿರುವ ಮಾತ್ರೆಯ ಪಟ್ಟಿಯನ್ನು ನೋಡಿ ಒಂದು ಹೋಗಿ ಇನ್ನೊಂದು ಬಂತು ಎಂದು ಹಂಗಿಸುವುದು ಅವನ ಬೆನ್ನೆಲುಬನ್ನೇ ಮುರಿಯುವ ಕ್ರೂರ ಮಾತು.

ಮದ್ಯದ ಮತ್ತು ಮಾತ್ರೆ ನಿಂತದ್ದರ ಎರಡು ಬಗೆಯ ತೊಂದರೆಗಳೂ ಒಂದನ್ನೊಂದು ಹೋಲುವುದರಿಂದ ನಿಜವಾದ ತೊಡಕು ಹುಟ್ಟುತ್ತದೆ. ಮೂರು ನಾಲ್ಕು ತಿಂಗಳು ಮದ್ಯ ಮುಟ್ಟದೆ ಇದ್ದು, ಪ್ಯಾರಾಕ್ಸೆಟಿನ್ ಸೇವಿಸುತ್ತಿರುವ ಒಬ್ಬ ವ್ಯಕ್ತಿ ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿದನೆಂದು ಭಾವಿಸಬಹುದು. ಮೊದಲ ದಿನ ಏನೂ ಆಗುವುದಿಲ್ಲ. ಬಿಡುವುದು ಇಷ್ಟು ಸುಲಭವೇ ಎಂದು ಅವನಿಗೆ ಅನ್ನಿಸುತ್ತದೆ. ಎರಡು ಮೂರನೆಯ ದಿನದ ಹೊತ್ತಿಗೆ ಹಾಸಿಗೆಯಿಂದ ಎದ್ದರೆ ನೆಲ ವಾಲಿದಂತಾಗುತ್ತದೆ, ಹೊಟ್ಟೆ ತೊಳಸುತ್ತದೆ, ಮೈ ಬೆವರಿ ಫ್ಲೂ ಜ್ವರ ಬಂದಂತೆ ನೋಯುತ್ತದೆ, ಕಣ್ಣನ್ನು ಪಕ್ಕಕ್ಕೆ ಹೊರಳಿಸಿದ ಕೂಡಲೇ ತಲೆಯೊಳಗೆ ಕ್ಷಣಮಾತ್ರ ಕರೆಂಟು ಹರಿದಂತೆ ಜುಮ್ಮೆನ್ನುತ್ತದೆ, ಯಾರಾದರೂ ಜೋರಾಗಿ ಮಾತಾಡಿದರೆ ರೇಗುತ್ತದೆ ಅಥವಾ ಅಳು ಬರುತ್ತದೆ. ಗೋಡೆ ಹಿಡಿದು ನಡೆಯುವ, ಬಚ್ಚಲಿನಲ್ಲಿ ವಾಂತಿ ಮಾಡಿಕೊಳ್ಳುವ, ಕಣ್ಣು ಕೆಂಪಾದ ಆ ಮನುಷ್ಯನನ್ನು ನೋಡಿದ ಹೆಂಡತಿಗೆ ಅಥವಾ ತಾಯಿಗೆ ಹಳೆಯ ದಿನಗಳೇ ನೆನಪಾಗಿ, ಮತ್ತೆ ಕುಡಿದಿದ್ದೀಯಾ ಎಂಬ ಪ್ರಶ್ನೆ ಬಾಯಿಂದ ಬಂದುಬಿಡುತ್ತದೆ. ಕುಡಿಯದೆಯೇ ಕುಡಿದನೆನಿಸಿಕೊಂಡವನ ನೋವು ದೊಡ್ಡದು. ಹೇಗಿದ್ದರೂ ನಂಬುವವರಿಲ್ಲ ಎಂದುಕೊಂಡು ಅವನು ಆ ಸಂಜೆ ಅಂಗಡಿಯ ಕಡೆ ನಡೆದರೆ ಅದಕ್ಕೆ ಸಂಕಲ್ಪದ ಕೊರತೆಯನ್ನು ಮಾತ್ರ ದೂರುವುದು ಸರಿಯಲ್ಲ. ಇನ್ನೂ ಒಂದು ಅಪಾಯವಿದೆ: ಮದ್ಯ ಕೆಲವು ಗಂಟೆಗಳ ಮಟ್ಟಿಗೆ ಗಾಬರಿಯನ್ನೂ ನಿದ್ರೆಗೇಡನ್ನೂ ತಗ್ಗಿಸಬಲ್ಲದು ಎಂಬುದು ಅವನ ಮೆದುಳಿಗೆ ಚೆನ್ನಾಗಿ ನೆನಪಿರುತ್ತದೆ, ಹಾಗಾಗಿ ಔಷಧ ನಿಂತದ್ದರ ಸಂಕಟ ಅವನಿಗೆ ಕುಡಿತದ ತುಡಿತವಾಗಿಯೇ ಅನುಭವಕ್ಕೆ ಬರುತ್ತದೆ.

ಕನಸುಗಳ ವಿಷಯವನ್ನೂ ಇಲ್ಲಿ ಹೇಳಬೇಕು. ಕಣ್ಣುಗುಡ್ಡೆಗಳು ರೆಪ್ಪೆಯಡಿಯಲ್ಲಿ ವೇಗವಾಗಿ ಚಲಿಸುವ, ಕನಸುಗಳು ದಟ್ಟವಾಗಿ ಬೀಳುವ ನಿದ್ರೆಯ ಹಂತವೊಂದಿದೆ. ಮದ್ಯವೂ, ಖಿನ್ನತೆಯ ಬಹುತೇಕ ಮಾತ್ರೆಗಳೂ ಈ ಹಂತವನ್ನು ಅದುಮಿಡುತ್ತವೆ, ನಿಂತಾಗ ಅದು ಇಮ್ಮಡಿಯಾಗಿ ಮೇಲೇಳುತ್ತದೆ. ಮದ್ಯ ಬಿಟ್ಟವರಿಗೆ ತಾವು ಕುಡಿದಂತೆ ಕನಸು ಬೀಳುವುದು ತೀರ ಸಾಮಾನ್ಯ. ಮಾತ್ರೆಯನ್ನೂ ತಟ್ಟನೆ ನಿಲ್ಲಿಸಿದಾಗ ಆ ಕನಸುಗಳು ಇನ್ನಷ್ಟು ಸ್ಪಷ್ಟವಾಗಿ, ಬಾಯಲ್ಲಿ ರುಚಿ ಉಳಿದಂತೆ ಬಂದು, ಎಚ್ಚರವಾದ ಮೇಲೂ ತಪ್ಪು ಮಾಡಿದ ಭಾವ ಗಂಟೆಗಳ ಕಾಲ ಕಾಡಬಹುದು. ಇದು ಮನಸ್ಸಿನ ದೌರ್ಬಲ್ಯದ ಗುರುತಲ್ಲ, ನಿದ್ರೆ ತನ್ನ ಲಯಕ್ಕೆ ಮರಳುತ್ತಿರುವುದರ ಲಕ್ಷಣ ಎಂದು ಮೊದಲೇ ತಿಳಿದವರು ಅದಕ್ಕೆ ಅಷ್ಟಾಗಿ ಹೆದರುವುದಿಲ್ಲ.

ಹಾಗಾದರೆ ಮಾತ್ರೆ ನಿಜವಾಗಿ ಬೇಕಿತ್ತೇ ಎಂಬ ಪ್ರಶ್ನೆಗೂ ನ್ಯಾಯವಾದ ಉತ್ತರ ಕೊಡಬೇಕು. ದಿನವೂ ಕುಡಿಯುವವರಲ್ಲಿ ಕಾಣುವ ಖಿನ್ನತೆಯ ದೊಡ್ಡ ಪಾಲು ಮದ್ಯದಿಂದಲೇ ಹುಟ್ಟಿದ್ದಾಗಿರುತ್ತದೆ. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಸಾಂಡ್ರಾ ಬ್ರೌನ್ ಮತ್ತು ಮಾರ್ಕ್ ಶಕಿಟ್ ಅವರು 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಿಕಿತ್ಸೆಗೆ ಸೇರಿದಾಗ ಶೇಕಡ 42ರಷ್ಟು ಮಂದಿಯಲ್ಲಿ ಗಣನೀಯ ಖಿನ್ನತೆ ಇದ್ದರೆ, ಮದ್ಯವಿಲ್ಲದೆ ನಾಲ್ಕು ವಾರ ಕಳೆದ ಮೇಲೆ ಅದು ಉಳಿದದ್ದು ಶೇಕಡ 6ರಷ್ಟು ಮಂದಿಯಲ್ಲಿ ಮಾತ್ರ. ಆದ್ದರಿಂದ ಕುಡಿತ ನಿಂತ ಮೊದಲ ವಾರದಲ್ಲೇ ಅವಸರದಿಂದ ಆರಂಭಿಸಿದ ಮಾತ್ರೆ ಮುಂದೆ ಅನಗತ್ಯವಾಗಿರಲೂಬಹುದು, ಅದನ್ನು ಮರುಪರಿಶೀಲಿಸುವಂತೆ ವೈದ್ಯರನ್ನು ಕೇಳುವ ಹಕ್ಕು ರೋಗಿಗಿದೆ. ಅದೇ ರೀತಿ, ಕುಡಿತ ಶುರುವಾಗುವ ಮೊದಲೇ ಖಿನ್ನತೆಯಿದ್ದವರು, ವರ್ಷಗಟ್ಟಲೆ ಮದ್ಯ ಮುಟ್ಟದಿದ್ದಾಗಲೂ ಖಿನ್ನತೆಗೆ ಜಾರಿದವರು, ಆತ್ಮಹತ್ಯೆಯ ಯೋಚನೆ ಹಿಂದೆ ಬಂದಿದ್ದವರು ಇದ್ದಾರೆ. ಅವರ ಪಾಲಿಗೆ ಮಾತ್ರೆ ಕುಡಿತದಿಂದ ದೂರವಿರಲು ಬೇಕಾದ ನೆಲಗಟ್ಟು. 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಆಲ್ಕೊಹಾಲಿಕ್ಸ್ ಅನಾನಿಮಸ್ ಬಳಗವನ್ನು ಹುಟ್ಟುಹಾಕಿದ ಇಬ್ಬರಲ್ಲಿ ಒಬ್ಬರಾದ ಬಿಲ್ ವಿಲ್ಸನ್, 1934ರ ಡಿಸೆಂಬರಿನಲ್ಲಿ ಕುಡಿತ ಬಿಟ್ಟು ಮತ್ತೆಂದೂ ಮುಟ್ಟದಿದ್ದರೂ, 1944ರಿಂದ ಸುಮಾರು ಹತ್ತು ವರ್ಷಗಳ ಕಾಲ ಕಡು ಖಿನ್ನತೆಯಿಂದ ನರಳಿದರು. ಕುಡಿತ ನಿಂತರೆ ಎಲ್ಲವೂ ಸರಿಹೋಗುತ್ತದೆ ಎನ್ನುವವರು ಈ ಸಂಗತಿಯನ್ನು ಮರೆಯಬಾರದು. ಅದೇ ಬಳಗ ತನ್ನ ಕಿರುಹೊತ್ತಗೆಯಲ್ಲಿ, ಸದಸ್ಯರು ಪರಸ್ಪರ ವೈದ್ಯರ ಪಾತ್ರ ವಹಿಸಬಾರದು, ಯಾರ ಔಷಧವನ್ನೂ ನಿಲ್ಲಿಸುವಂತೆ ಹೇಳಬಾರದು ಎಂದು ಸ್ಪಷ್ಟವಾಗಿ ತಿಳಿಸಿದೆ. ಮಾತ್ರೆ ನುಂಗುವವರು ಪೂರ್ಣ ಮದ್ಯಮುಕ್ತರಲ್ಲ ಎಂದು ಕೆಲವು ಸಭೆಗಳಲ್ಲಿ ಕೇಳಿಬರುವ ಮಾತಿಗೆ ಆ ಬಳಗದ ಒಪ್ಪಿಗೆ ಇಲ್ಲ.

ಭಾರತದಲ್ಲಿ ಈ ವಿಷಯಕ್ಕೆ ಇನ್ನೊಂದು ಮುಖವಿದೆ. ಎಸ್ಸಿಟಾಲೊಪ್ರಾಮ್ ಮತ್ತು ಕ್ಲೋನಾಜೆಪಾಮ್ ಎರಡನ್ನೂ ಒಂದೇ ಮಾತ್ರೆಯಲ್ಲಿ ಸೇರಿಸಿದ ಜೋಡಿ ಔಷಧ ಇಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದೆ. ಕ್ಲೋನಾಜೆಪಾಮ್ ಬೆಂಜೊಡಯಜೆಪೀನ್ ಎಂಬ ಗುಂಪಿಗೆ ಸೇರಿದ, ಮದ್ಯದಂತೆಯೇ ಗಾಬಾದ ಮೂಲಕ ಕೆಲಸ ಮಾಡುವ ಔಷಧ. ಕುಡಿತದ ಚಟ ಇದ್ದವರು ಇದಕ್ಕೆ ಅಂಟಿಕೊಳ್ಳುವ ಸಂಭವ ಹೆಚ್ಚು, ಇದನ್ನು ತಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರುವ ಅಪಾಯವೂ ಉಂಟು. ಬಹಳ ಮಂದಿಗೆ ತಾವು ನುಂಗುತ್ತಿರುವ ಒಂದು ಮಾತ್ರೆಯಲ್ಲಿ ಎರಡು ಔಷಧಗಳಿವೆ ಎಂಬುದೇ ತಿಳಿದಿರುವುದಿಲ್ಲ. ಆದ್ದರಿಂದ ಬಿಡುವ ಯೋಚನೆಗೆ ಮೊದಲು ಮಾಡಬೇಕಾದ ಕೆಲಸವೆಂದರೆ ಮಾತ್ರೆಪಟ್ಟಿಯ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುವ ಔಷಧದ ಹೆಸರನ್ನು ಓದುವುದು, ಓದಲಾಗದಿದ್ದರೆ ಮೆಡಿಕಲ್ ಶಾಪಿನವರಿಂದ ಓದಿಸಿಕೊಳ್ಳುವುದು. ಎರಡು ಹೆಸರಿದ್ದರೆ ಅವೆರಡನ್ನೂ ಬೇರ್ಪಡಿಸಿ, ಒಂದಾದ ಮೇಲೊಂದರಂತೆ ಇಳಿಸುವ ಯೋಜನೆಯನ್ನು ವೈದ್ಯರೇ ಹಾಕಬೇಕಾಗುತ್ತದೆ. ಬುಪ್ರೊಪಿಯಾನ್ ಎಂಬ ಖಿನ್ನತೆಯ ಔಷಧದ ವಿಷಯದಲ್ಲಿ ಎಚ್ಚರ ಇದಕ್ಕೆ ತಿರುಗುಮುರುಗು: ಮದ್ಯವನ್ನೋ ಬೆಂಜೊಡಯಜೆಪೀನನ್ನೋ ಹಠಾತ್ತನೆ ನಿಲ್ಲಿಸುತ್ತಿರುವವರಿಗೆ ಅದನ್ನು ಕೊಡುವಂತಿಲ್ಲ, ಏಕೆಂದರೆ ಫಿಟ್ಸಿನ ಸಂಭವವನ್ನು ಅದು ಹೆಚ್ಚಿಸುತ್ತದೆ. ಮದ್ಯದಿಂದ ಯಕೃತ್ತು ಕೆಟ್ಟವರಲ್ಲಿ ಹಲವು ಔಷಧಗಳು ರಕ್ತದಲ್ಲಿ ಹೆಚ್ಚು ಕಾಲ ನಿಲ್ಲುವುದರಿಂದ ಪ್ರಮಾಣದ ಲೆಕ್ಕವೂ ಬದಲಾಗುತ್ತದೆ.

ಮಾತ್ರೆಯನ್ನು ಇಳಿಸುವುದು ಹೇಗೆ ಎಂಬುದು ಕಳೆದ ಕೆಲವು ವರ್ಷಗಳಲ್ಲಿ ಬಹಳ ಸ್ಪಷ್ಟವಾಗಿದೆ, ಮತ್ತು ಈ ತಿಳಿವಳಿಕೆ ಪ್ರತಿಯೊಬ್ಬ ರೋಗಿಗೂ ತಲುಪಬೇಕು. 20 ಮಿಲಿಗ್ರಾಂ ಇದ್ದುದನ್ನು 10 ಮಾಡಿ, 10 ಅನ್ನು 5 ಮಾಡಿ, 5 ಅನ್ನು ಸೊನ್ನೆ ಮಾಡುವುದು ನೋಡಲು ಕ್ರಮಬದ್ಧವಾದ ಇಳಿಕೆ. ಆದರೆ ಮೆದುಳಿನ ಲೆಕ್ಕ ಹಾಗಿಲ್ಲ. ಎಸ್ಸಿಟಾಲೊಪ್ರಾಮಿನ ಹತ್ತಿರದ ಬಂಧುವಾದ ಸಿಟಾಲೊಪ್ರಾಮ್ ಔಷಧವನ್ನು ಕುರಿತು ಮೆದುಳಿನ ಚಿತ್ರಗಳ ಮೂಲಕ ನಡೆದ ಅಧ್ಯಯನಗಳ ಪ್ರಕಾರ, 20 ಮಿಲಿಗ್ರಾಂ ಸಿರೊಟೋನಿನ್ ವಾಹಕಗಳ ಸುಮಾರು ಶೇಕಡ 80ನ್ನು ಹಿಡಿದಿಟ್ಟರೆ, ಅದರ ಮೂರರಷ್ಟಾದ 60 ಮಿಲಿಗ್ರಾಂ ಕೂಡ ಶೇಕಡ 90ನ್ನು ದಾಟುವುದಿಲ್ಲ. ಮತ್ತೊಂದು ತುದಿಯಲ್ಲಿ ಸುಮಾರು 5 ಮಿಲಿಗ್ರಾಂ ಇರುವಾಗಲೂ ಅರ್ಧಕ್ಕಿಂತ ಹೆಚ್ಚು ವಾಹಕಗಳು ಔಷಧದ ಹಿಡಿತದಲ್ಲಿರುತ್ತವೆ. ಒಂದು ಲೋಟ ಕಾಫಿಗೆ ಮೊದಲ ಚಮಚ ಸಕ್ಕರೆ ಬಿದ್ದಾಗ ಆಗುವ ವ್ಯತ್ಯಾಸ ಐದನೆಯ ಚಮಚ ಬಿದ್ದಾಗ ಆಗುವುದಿಲ್ಲವಲ್ಲ, ಹಾಗೆ. ಇದರರ್ಥ, ಮೇಲಿನ ಪ್ರಮಾಣದಲ್ಲಿ ಅರ್ಧದಷ್ಟು ತಗ್ಗಿಸಿದರೂ ಮೆದುಳಿಗೆ ಅಷ್ಟಾಗಿ ತಿಳಿಯುವುದಿಲ್ಲ, ಆದರೆ ಕೊನೆಯ 5 ಮಿಲಿಗ್ರಾಂನಿಂದ ಸೊನ್ನೆಗೆ ಹಾರುವುದು ದೊಡ್ಡ ಧುಮುಕಾಟ. ಮಾರ್ಕ್ ಹೊರೊವಿಟ್ಜ್ ಮತ್ತು ಡೇವಿಡ್ ಟೇಲರ್ 2019ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿಯಲ್ಲಿ ಇದನ್ನು ವಿವರಿಸಿ, ಪ್ರತಿ ಸಲವೂ ಆಗ ಸೇವಿಸುತ್ತಿರುವ ಪ್ರಮಾಣದ ಒಂದು ಪಾಲನ್ನಷ್ಟೇ ತಗ್ಗಿಸುತ್ತಾ, ಕೆಳಕ್ಕೆ ಬಂದಂತೆ ಇಳಿಕೆಯನ್ನು ಇನ್ನೂ ಚಿಕ್ಕದಾಗಿಸಬೇಕೆಂದು ವಾದಿಸಿದರು. ಬ್ರಿಟನ್ನಿನ ನೈಸ್ ಸಂಸ್ಥೆಯ 2022ರ ಖಿನ್ನತೆಯ ಮಾರ್ಗಸೂಚಿ ಈ ತತ್ತ್ವವನ್ನು ಒಪ್ಪಿಕೊಂಡಿದೆ. ಕೆಲವರಿಗೆ ವಾರಗಳು ಸಾಕು, ಹಲವು ವರ್ಷ ಸೇವಿಸಿದವರಿಗೆ ತಿಂಗಳುಗಳೇ ಬೇಕಾಗಬಹುದು.

ಕಾಗದದ ಮೇಲೆ ಸರಳವಾಗಿ ಕಾಣುವ ಈ ಕ್ರಮ ಊರಿನ ಔಷಧದಂಗಡಿಯ ಮುಂದೆ ನಿಂತಾಗ ತೊಡಕಾಗುತ್ತದೆ. ಎಸ್ಸಿಟಾಲೊಪ್ರಾಮಿನ ಮಾತ್ರೆ ಸಾಮಾನ್ಯವಾಗಿ 5 ಮಿಲಿಗ್ರಾಂಗಿಂತ ಚಿಕ್ಕದು ಸಿಗುವುದಿಲ್ಲ. ನಡುವೆ ಗೀರು ಇರುವ ಮಾತ್ರೆಯನ್ನು ಅರ್ಧ ಮಾಡಿ 2.5ಕ್ಕೆ ಇಳಿಯಬಹುದು, ಅದಕ್ಕೂ ಕೆಳಗೆ ಹೋಗಲು ಏನು ಮಾಡಬೇಕೆಂಬುದನ್ನು ವೈದ್ಯರೊಂದಿಗೆ ಕೂತು ನಿರ್ಧರಿಸಬೇಕು. ಕೆಲವು ಮಾತ್ರೆಗಳನ್ನು ಮುರಿಯಲೇಬಾರದು: ಔಷಧ ನಿಧಾನವಾಗಿ ಬಿಡುಗಡೆಯಾಗುವಂತೆ ತಯಾರಿಸಿದ ಡೆಸ್‌ವೆನ್ಲಾಫ್ಯಾಕ್ಸಿನ್‌ನಂಥವನ್ನು ಮುರಿದರೆ ಅಥವಾ ಪುಡಿ ಮಾಡಿದರೆ ಇಡೀ ಪ್ರಮಾಣ ಒಮ್ಮೆಲೇ ರಕ್ತಕ್ಕೆ ಸೇರುತ್ತದೆ. ದಿನ ಬಿಟ್ಟು ದಿನ ನುಂಗುವುದು ಅನೇಕರು ತಾವೇ ಕಂಡುಕೊಳ್ಳುವ ಉಪಾಯವಾದರೂ, ಬೇಗ ಇಳಿದುಹೋಗುವ ಔಷಧಗಳ ವಿಷಯದಲ್ಲಿ ಅದು ಮೆದುಳನ್ನು ಒಂದು ದಿನ ಏರಿಸಿ ಒಂದು ದಿನ ಇಳಿಸುವ ಹಿಂಸೆಯಾಗುತ್ತದೆ.

ಯಾವಾಗ ಆರಂಭಿಸಬೇಕು ಎಂಬುದು ಹೇಗೆ ಎಂಬುದರಷ್ಟೇ ಮುಖ್ಯ. ಖಿನ್ನತೆಯ ಲಕ್ಷಣಗಳು ಪೂರ್ತಿ ಹೋದ ಮೇಲೂ 9ರಿಂದ 12 ತಿಂಗಳು ಮಾತ್ರೆ ಮುಂದುವರಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗದರ್ಶಿ ಹೇಳುತ್ತದೆ. ಕುಡಿತವೂ ಇದ್ದವರು ಮದ್ಯಮುಕ್ತ ಬದುಕು ಗಟ್ಟಿಯಾಗಿ ಬೇರೂರುವವರೆಗೆ ಕಾಯುವುದೇ ಮೇಲು. ಮಗಳ ಮದುವೆ, ಕೆಲಸದ ಬದಲಾವಣೆ, ಮನೆಯಲ್ಲಿ ಸಾವು, ಕುಡಿತದ ಕೂಟಗಳು ಹೆಚ್ಚಾಗಿ ನಡೆಯುವ ಹಬ್ಬ ಜಾತ್ರೆಗಳು, ಇವು ಮಾತ್ರೆ ಇಳಿಸಲು ತಕ್ಕ ಕಾಲವಲ್ಲ. ಕಾಯ್ದರೂ ಮರುಕಳಿಕೆಯ ಸಾಧ್ಯತೆ ಇದ್ದೇ ಇರುತ್ತದೆ. ಇಂಗ್ಲೆಂಡಿನಲ್ಲಿ ದೀರ್ಘಕಾಲ ಮಾತ್ರೆ ಸೇವಿಸಿ ಚೆನ್ನಾಗಿದ್ದವರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಆಂಟ್ಲರ್ ಎಂಬ ಪ್ರಯೋಗದಲ್ಲಿ, ಒಂದು ವರ್ಷದೊಳಗೆ ಖಿನ್ನತೆ ಮರುಕಳಿಸಿದ್ದು ಮಾತ್ರೆ ನಿಲ್ಲಿಸಿದವರಲ್ಲಿ ಶೇಕಡ 56, ಮುಂದುವರಿಸಿದವರಲ್ಲಿ ಶೇಕಡ 39. ನಿಲ್ಲಿಸಿದವರಲ್ಲಿಯೂ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಚೆನ್ನಾಗಿಯೇ ಉಳಿದರು ಎಂಬುದನ್ನು ಆ ಅಂಕಿ ಅಷ್ಟೇ ಸ್ಪಷ್ಟವಾಗಿ ಹೇಳುತ್ತದೆ. ಬಂದದ್ದು ಖಿನ್ನತೆಯ ಮರುಕಳಿಕೆಯೋ ಔಷಧ ನಿಂತದ್ದರ ತೊಂದರೆಯೋ ಎಂದು ಬೇರ್ಪಡಿಸಲು ಕೆಲವು ಗುರುತುಗಳಿವೆ: ಪ್ರಮಾಣ ತಗ್ಗಿಸಿದ ಕೆಲವೇ ದಿನಗಳಲ್ಲಿ ಬಂದರೆ, ಖಿನ್ನತೆಯ ಕಾಲದಲ್ಲಿ ಎಂದೂ ಇರದ ತಲೆಸುತ್ತು, ಕರೆಂಟಿನಂಥ ಜುಮ್ಮೆನ್ನುವಿಕೆ ಜೊತೆಗಿದ್ದರೆ, ಹಿಂದಿನ ಪ್ರಮಾಣಕ್ಕೆ ಮರಳಿದ ಒಂದೆರಡು ದಿನಗಳಲ್ಲಿ ತಗ್ಗಿದರೆ ಅದು ಔಷಧ ನಿಂತದ್ದರ ತೊಂದರೆ, ವಾರಗಳ ನಂತರ ಮೆಲ್ಲನೆ ಆವರಿಸುವ, ಹಿಂದಿನ ಖಿನ್ನತೆಯನ್ನೇ ಹೋಲುವ ನಿರಾಸಕ್ತಿ ಮರುಕಳಿಕೆಯಾಗಿರುವ ಸಂಭವ ಹೆಚ್ಚು. ನಿಧಾನವಾಗಿ ಶುರುವಾಗಿ ಬಹುಕಾಲ ಎಳೆಯುವ ತೊಂದರೆಗಳೂ ಇರುವುದರಿಂದ ಈ ಗುರುತುಗಳು ಎಲ್ಲರಿಗೂ ಒಪ್ಪುವುದಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಮಾತ್ರೆಯ ಪ್ರಮಾಣ, ಮಲಗಿ ಎದ್ದ ಹೊತ್ತು, ಅಂದಿನ ಮುಖ್ಯ ತೊಂದರೆ, ಕುಡಿಯಬೇಕೆನಿಸಿತೇ ಇಲ್ಲವೇ ಎಂಬ ನಾಲ್ಕು ಸಂಗತಿಗಳನ್ನು ದಿನವೂ ಗುರುತು ಮಾಡಿಟ್ಟರೆ, ವೈದ್ಯರಿಗೆ ಅದಕ್ಕಿಂತ ಒಳ್ಳೆಯ ಸಾಕ್ಷ್ಯ ಸಿಗಲಾರದು.

ಇಳಿಕೆಯ ದಿನಗಳಲ್ಲಿ ನಿದ್ರೆಗೆಂದು, ಶಕ್ತಿಗೆಂದು ಬಂಧುಗಳು ಪ್ರೀತಿಯಿಂದ ತಂದುಕೊಡುವ ಬಾಟಲಿಗಳ ಬಗ್ಗೆ ಎಚ್ಚರ ಬೇಕು. ಅಶ್ವಗಂಧಾರಿಷ್ಟ, ದ್ರಾಕ್ಷಾಸವದಂಥ ಅರಿಷ್ಟ ಆಸವಗಳಲ್ಲಿ ಹುದುಗುವಿಕೆಯಿಂದ ತಾನಾಗಿಯೇ ಉಂಟಾದ ಮದ್ಯಸಾರ ಇರುತ್ತದೆ. ಕೆಲವು ಕೆಮ್ಮಿನ ಔಷಧಗಳಲ್ಲಿ, ಟಾನಿಕ್‌ಗಳಲ್ಲಿಯೂ ಇರುತ್ತದೆ. ಮದ್ಯ ಬಿಟ್ಟವರ ನಾಲಗೆಗೆ ಆ ರುಚಿ ಬಿದ್ದರೆ ತುಡಿತ ಕೆರಳಬಹುದು, ಕುಡಿತದಿಂದ ದೂರವಿರಲೆಂದು ಕೊಡುವ ಡೈಸಲ್ಫಿರಾಮ್ ಔಷಧವನ್ನು ಸೇವಿಸುತ್ತಿರುವವರಿಗೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುವ ಪ್ರತಿಕ್ರಿಯೆಯೇ ಆಗಬಹುದು. ಅಯ್ಯಪ್ಪ ಮಾಲೆ ಧರಿಸಿ ಮದ್ಯ ಮುಟ್ಟದ ಎಷ್ಟೋ ಮಂದಿಗೆ ಆ ವ್ರತವೇ ಕುಡಿತ ಬಿಡುವ ಮೊದಲ ಮೆಟ್ಟಿಲಾಗಿದೆ. ಆ ಶ್ರದ್ಧೆಯ ಭರದಲ್ಲಿ ವೈದ್ಯರು ಕೊಟ್ಟ ಮಾತ್ರೆಯನ್ನೂ ತ್ಯಜಿಸಬೇಕಾಗಿಲ್ಲ. ಸಂಜೆಯ ಕಾಫಿ ಟೀ ಕಡಿಮೆ ಮಾಡುವುದು, ಹೊತ್ತಿಗೆ ಸರಿಯಾಗಿ ಊಟ ಮಾಡುವುದು, ಬೆಳಗಿನ ಬಿಸಿಲಿನಲ್ಲಿ ನಡೆಯುವುದು ಸಣ್ಣ ಕೆಲಸಗಳಂತೆ ಕಂಡರೂ ಮುರಿದ ನಿದ್ರೆಯನ್ನು ಜೋಡಿಸಲು ಇವು ನಿಜವಾಗಿ ನೆರವಾಗುತ್ತವೆ. ತಲೆಸುತ್ತು ಇರುವ ದಿನಗಳಲ್ಲಿ ಬೈಕ್ ಓಡಿಸುವುದನ್ನು, ಮರ ಅಥವಾ ಏಣಿ ಹತ್ತುವುದನ್ನು ಬಿಡಬೇಕು.

ಒಬ್ಬರೇ ಗುಟ್ಟಾಗಿ ಮಾತ್ರೆ ಬಿಡುವುದು ಎಲ್ಲಕ್ಕಿಂತ ದೊಡ್ಡ ಅಪಾಯ. ಇಂಥ ದಿನದಿಂದ ಪ್ರಮಾಣ ತಗ್ಗುತ್ತದೆ, ಇಂಥಿಂಥ ಲಕ್ಷಣಗಳು ಬರಬಹುದು, ಅವು ಕುಡಿತದ ಗುರುತುಗಳಲ್ಲ ಎಂದು ಮನೆಯ ಒಬ್ಬರಿಗಾದರೂ ಮೊದಲೇ ತಿಳಿಸಿದ್ದರೆ ಅನುಮಾನದ ಆ ಕಹಿ ಪ್ರಶ್ನೆ ಹುಟ್ಟುವುದಿಲ್ಲ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳಿಂದ ಬಂದವರು ಊರೂರುಗಳಲ್ಲಿ ಕಟ್ಟಿಕೊಂಡಿರುವ ನವಜೀವನ ಸಮಿತಿಗಳು, ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳು ಈ ವಿಷಯವನ್ನು ಬಾಯಿಬಿಟ್ಟು ಹೇಳಿಕೊಳ್ಳಲು ತಕ್ಕ ತಾವುಗಳು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಕೇಂದ್ರವಿದೆ. ಅಷ್ಟು ದೂರ ಹೋಗಲಾಗದವರಿಗೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಿದೆ, ಮನೋಚೈತನ್ಯ ಯೋಜನೆಯಡಿ ನಿಗದಿತ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರ ಸೇವೆಯಿದೆ. ಮಾತ್ರೆ ಮುಗಿದು ಊರಿಗೆ ಬಸ್ಸಿಲ್ಲದ, ಕೈಯಲ್ಲಿ ಹಣವಿಲ್ಲದ ಕಾರಣಕ್ಕೇ ಎಷ್ಟೋ ಮಂದಿಯ ಔಷಧ ನಿಲ್ಲುತ್ತದೆ. ಪಟ್ಟಿಯಲ್ಲಿ ಒಂದು ವಾರಕ್ಕಾಗುವಷ್ಟು ಉಳಿದಿರುವಾಗಲೇ ಮುಂದಿನದನ್ನು ತರಿಸಿಟ್ಟುಕೊಳ್ಳುವ ಹೊಣೆಯನ್ನು ಮನೆಯವರು ಹೊರಬಹುದು. ಫಿಟ್ಸ್ ಬಂದರೆ, ಇಲ್ಲದ್ದು ಕಾಣಿಸಿದರೆ, ಪ್ರಜ್ಞೆ ಮಸುಕಾದರೆ ಅದು ಖಿನ್ನತೆಯ ಮಾತ್ರೆ ನಿಂತದ್ದರ ಸಾಮಾನ್ಯ ತೊಂದರೆಯಲ್ಲ, ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಸಾಯಬೇಕೆಂಬ ಯೋಚನೆ ಬಂದವರನ್ನು ಒಬ್ಬಂಟಿಯಾಗಿ ಬಿಡದೆ, ಹಗಲಾಗಲಿ ರಾತ್ರಿಯಾಗಲಿ, ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಕರೆ ಮಾಡಬಹುದು. ಕರೆಗೆ ಹಣವಿಲ್ಲ, ಮಾತು ಕನ್ನಡದಲ್ಲಿಯೇ ನಡೆಯುತ್ತದೆ. ಕುಡಿತ ಮತ್ತು ಇತರ ಮಾದಕ ವಸ್ತುಗಳ ಬಗ್ಗೆ ಕೇಳಲು 14446 ಎಂಬ ರಾಷ್ಟ್ರೀಯ ಸಹಾಯವಾಣಿಯಿದೆ. ಇಳಿಕೆಯ ಒಂದು ಹಂತದಲ್ಲಿ ತಾಳಲಾರದಷ್ಟು ಸಂಕಟವಾದರೆ ವೈದ್ಯರಿಗೆ ತಿಳಿಸಿ ಹಿಂದಿನ ಪ್ರಮಾಣಕ್ಕೆ ಮರಳಿ, ಅಲ್ಲಿಯೇ ಕೆಲವು ವಾರ ನಿಂತು, ಮುಂದಿನ ಸಲ ಇನ್ನೂ ಚಿಕ್ಕ ಹೆಜ್ಜೆ ಇಡುವುದಕ್ಕೆ ಚಿಕಿತ್ಸೆಯಲ್ಲಿ ಅವಕಾಶವಿದ್ದೇ ಇದೆ, ಮತ್ತು ಹಾಗೆ ಮರಳಿದವರ ಮದ್ಯಮುಕ್ತ ದಿನಗಳ ಎಣಿಕೆಯಲ್ಲಿ ಒಂದು ದಿನವೂ ಕಡಿಮೆಯಾಗುವುದಿಲ್ಲ.